ಕಾವಲಿರುವ ತೆರೆದ ನೀರು ನಮಗೆ ಬೇಕು: ಹವ್ಯಾಸಿ ಟ್ರಯಥ್ಲಾನ್ ಕ್ರೀಡಾಪಟುವಿನ ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಕ್ರೀಡೆ, ಪ್ರವಾಸೋದ್ಯಮ ಹಾಗೂ ಕೆರೆ-ಕಡಲತೀರಗಳ ಹೊಣೆ ಹೊತ್ತಿರುವ ಸಚಿವರು ಮತ್ತು ಅಧಿಕಾರಿಗಳು

ವಿಷಯ: ತೆರೆದ ನೀರಿನಲ್ಲಿ, ಅಂದರೆ ಕಡಲು, ಕೆರೆಗಳಂಥ ಕಡೆ, ಈಜು ಅಭ್ಯಾಸ ಮಾಡಲು ಜೀವರಕ್ಷಕರ ಕಾವಲಿರುವ ಜಾಗಗಳನ್ನು ಗುರುತಿಸಿಕೊಡುವ ಕುರಿತು

ಮಾನ್ಯರೇ,

ನಾನು ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನಲವತ್ತು ದಾಟಿದ ಮೇಲೆ ಈಜು ಕಲಿತು, ಈಗ ಕೆಲವು ವರ್ಷಗಳಿಂದ ಟ್ರಯಥ್ಲಾನ್ ಸ್ಪರ್ಧೆಗಳಿಗೆ ತಯಾರಿ ನಡೆಸುತ್ತಿದ್ದೇನೆ. ಪದಕದ ಆಸೆ ನನಗಿಲ್ಲ. ನಿಗದಿತ ಸಮಯದೊಳಗೆ ಗೆರೆ ಮುಟ್ಟಿ, ಸೋಮವಾರ ಬೆಳಿಗ್ಗೆ ಮತ್ತೆ ಕರಿಹಲಗೆಯ ಮುಂದೆ ನಿಲ್ಲುವುದಷ್ಟೇ ನನ್ನ ಗುರಿ. ಸೂರ್ಯ ಮೂಡುವ ಮೊದಲೇ ಎದ್ದು, ಮನೆಯ ಕೆಲಸಕ್ಕೂ ನೌಕರಿಗೂ ನಡುವೆ ಸಿಗುವ ಎರಡು ತಾಸಿನಲ್ಲಿ ಈಜಿ, ಸೈಕಲ್ ತುಳಿದು, ಓಡಿ ದೇಹವನ್ನು ಪಳಗಿಸಿಕೊಳ್ಳುವ ಬ್ಯಾಂಕ್ ನೌಕರರು, ವೈದ್ಯರು, ಪೊಲೀಸರು, ಗೃಹಿಣಿಯರು ಈ ರಾಜ್ಯದ ಹಲವು ಊರುಗಳಲ್ಲಿದ್ದಾರೆ. ಅವರ ಪ್ರತಿನಿಧಿ ನಾನಲ್ಲ. ಆದರೂ ಜೊತೆಗೆ ಅಭ್ಯಾಸ ಮಾಡುವವರೆಲ್ಲ ತಮ್ಮತಮ್ಮಲ್ಲೇ ಆಡಿಕೊಳ್ಳುವ ಒಂದು ಮಾತನ್ನು ಯಾರಾದರೂ ನಿಮ್ಮ ಮುಂದೆ ಇಡಬೇಕು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ ಮತ್ತು ಓಟವನ್ನು ಬಿಡುವಿಲ್ಲದೆ ಒಂದರ ಹಿಂದೆ ಒಂದರಂತೆ ಮುಗಿಸುವ ಸ್ಪರ್ಧೆ. ಒಲಿಂಪಿಕ್ಸ್ ದೂರದಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ ಇರುತ್ತದೆ. ಐರನ್‌ಮ್ಯಾನ್ ಎಂದು ಹೆಸರಾದ ಪೂರ್ಣ ದೂರದ ಸ್ಪರ್ಧೆ 1978ರಲ್ಲಿ ಹವಾಯಿಯಲ್ಲಿ ಹುಟ್ಟಿತು, ಅದರಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಕೊನೆಗೆ ಪೂರ್ಣ ಮ್ಯಾರಥಾನ್ ಓಡಬೇಕು. ನಮ್ಮ ಹತ್ತಿರದ ಗೋವಾದಲ್ಲಿ 2019ರಲ್ಲಿ ಆರಂಭವಾದ ಸ್ಪರ್ಧೆ ಇದರ ಅರ್ಧ, ಅಂದರೆ ಒಟ್ಟು 113 ಕಿ.ಮೀ. ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲು ಕಾಣಿಸಿಕೊಂಡದ್ದು 2000ದ ಸಿಡ್ನಿ ಕೂಟದಲ್ಲಿ. ಅದೇ ಕೂಟದಲ್ಲಿ ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಭಾರತದ ಪರವಾಗಿ ಈಜಿದರು. ಅಂದಿನಿಂದ 2024ರ ಪ್ಯಾರಿಸ್‌ಗೆ ಹದಿನಾಲ್ಕರ ವಯಸ್ಸಿನಲ್ಲೇ ಹೋದ ಧಿನಿಧಿ ದೇಸಿಂಗುವರೆಗೆ, ಈಜುಕೊಳದ ಈಜಿನಲ್ಲಿ ಕರ್ನಾಟಕ ದೇಶಕ್ಕೇ ಮುಂದಿದೆ ಎಂಬುದು ನಮ್ಮೆಲ್ಲರ ಹೆಮ್ಮೆ. ನಾನು ಕೇಳಲು ಹೊರಟಿರುವುದು ಆ ಕೊಳದ ಗೋಡೆಯಾಚೆಗಿನ ನೀರನ್ನು.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನಲ್ಲಾದರೆ ಕುಕ್ಕರಹಳ್ಳಿ ಕೆರೆಯ ದಂಡೆ ಇವೆ. ಬೂಟು ಕಟ್ಟಿಕೊಂಡವರು ಹೇಗಾದರೂ ಓಡುತ್ತಾರೆ. ಸೈಕಲ್ಲಿನ ಕಷ್ಟ ದೊಡ್ಡದು. ನಂದಿ ಬೆಟ್ಟದ ದಾರಿಯಲ್ಲೂ ಕನಕಪುರ ರಸ್ತೆಯಲ್ಲೂ ಲಾರಿಗಳ ಗಾಳಿಗೆ ಹ್ಯಾಂಡಲ್ ಅದುರುವಾಗ ಮನೆಯವರ ನೆನಪಾಗದ ಸವಾರರು ಇರಲಾರರು. ಆದರೆ ರಸ್ತೆಯ ವಿಷಯವನ್ನು ಸೈಕಲ್ ಬಳಗಗಳು ಹಲವು ವರ್ಷಗಳಿಂದ ನಿಮಗೆ ಹೇಳುತ್ತಲೇ ಬಂದಿವೆ. ತೆರೆದ ನೀರಿನ ವಿಷಯ ಹೇಳುವವರು ಕಡಿಮೆ, ಅದರಿಂದಾಗುವ ಅಪಾಯವಾದರೋ ರಸ್ತೆಯದ್ದಕ್ಕಿಂತ ಕಡಿಮೆಯಲ್ಲ.

ಮೊದಲು ಈಜುಕೊಳದ ಮಾತು. ನಾನು ಈಜು ಕಲಿತ ಕೊಳದ ಹೆಸರು ಇಲ್ಲಿ ಬೇಡ, ಏಕೆಂದರೆ ಅಲ್ಲಿಯ ಪದ್ಧತಿ ಬಹುತೇಕ ಎಲ್ಲೆಡೆಯ ಪದ್ಧತಿಯೇ ಆಗಿದೆ. ಮಹಿಳೆಯರ ಬ್ಯಾಚು ಬೆಳಿಗ್ಗೆ ಹತ್ತೂವರೆಗೆ. ಅಂದರೆ ಕೆಲಸಕ್ಕೆ ಹೋಗುವ ಹೆಂಗಸು ರಜೆ ಹಾಕದೆ ಈಜಲಾರಳು. ಬೆಳಗಿನ ಸಾಮಾನ್ಯ ಬ್ಯಾಚಿಗೆ ಸೇರಿದರೆ ಒಂದೇ ನೀರಿನಲ್ಲಿ ಕಲಿಯುವ ಮಕ್ಕಳು, ಕಂಬಿ ಹಿಡಿದು ಕಾಲು ಬಡಿಯುವವರು, ಉದ್ದಕ್ಕೆ ಈಜುವವರು, ಅಡ್ಡಡ್ಡ ಈಜುವವರು ಎಲ್ಲರೂ ಇರುತ್ತಾರೆ. ಹತ್ತು ಕೈ ಹಾಕುವಷ್ಟರಲ್ಲಿ ಯಾರದೋ ಮಂಡಿ ತಲೆಗೆ ತಾಗುತ್ತದೆ, ನಲವತ್ತೈದನೇ ನಿಮಿಷಕ್ಕೆ ಕೋಚ್ ಶಿಳ್ಳೆ ಊದುತ್ತಾರೆ. ಎಡೆಬಿಡದೆ ಈಜುವವರಿಗೆಂದು ಹಗ್ಗ ಕಟ್ಟಿದ ಒಂದೇ ಒಂದು ಲೇನನ್ನು ಮುಂಜಾನೆಯ ಒಂದು ತಾಸು ಬಿಟ್ಟುಕೊಡುವುದಕ್ಕೆ ಯಾವ ಖರ್ಚೂ ಇಲ್ಲ. ಇದು ಆಯಾ ಕೊಳದ ವ್ಯವಸ್ಥಾಪಕರ ಮನಸ್ಸಿಗೆ ಬಿಟ್ಟ ವಿಷಯವಾಗಿ ಉಳಿಯದೆ, ಸರ್ಕಾರಿ ಈಜುಕೊಳಗಳಲ್ಲಾದರೂ ನಿಯಮವಾಗಬೇಕೆಂದು ಕೋರುತ್ತೇನೆ.

ಈಗ ಮುಖ್ಯ ವಿಷಯ. ಕೊಳದಲ್ಲಿ ಎಷ್ಟು ಚೆನ್ನಾಗಿ ಈಜಿದರೂ ಅದು ತೆರೆದ ನೀರಿಗೆ ಅರ್ಧ ತಯಾರಿ ಮಾತ್ರ. 25 ಮೀಟರ್ ಉದ್ದದ ಕೊಳದಲ್ಲಿ ಗೋವಾ ಸ್ಪರ್ಧೆಯ ಈಜಿನ ದೂರವಾದ 1.9 ಕಿ.ಮೀ. ಮುಗಿಸಬೇಕಾದರೆ 76 ಸಲ ಆ ತುದಿಯಿಂದ ಈ ತುದಿ ಮುಟ್ಟಬೇಕು. ಪ್ರತಿ ಸಲವೂ ಗೋಡೆ ಸಿಗುತ್ತದೆ, ಕಾಲಿನಿಂದ ಗೋಡೆಯನ್ನು ಒದ್ದಾಗ ದೇಹ ಒಂದಿಷ್ಟು ದೂರ ತಾನಾಗಿಯೇ ಸಾಗುತ್ತದೆ, ತೋಳಿಗೂ ಎದೆಗೂ ನಮಗೆ ಗೊತ್ತಾಗದಂತೆಯೇ ಒಂದು ಕ್ಷಣದ ಬಿಡುವು ಸಿಗುತ್ತದೆ. ತಳದಲ್ಲಿ ಎಳೆದ ಕಡುನೀಲಿ ಗೆರೆ ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ. ಸಮುದ್ರದಲ್ಲಿ ಈ ಯಾವುದೂ ಇಲ್ಲ. ಅಲ್ಲಿ ಪ್ರತಿ ಎಂಟು ಹತ್ತು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ತಲೆ ಎತ್ತಿ, ದೂರದಲ್ಲಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಗುರುತನ್ನು ಹುಡುಕಬೇಕು. ಅಲೆಯೊಂದು ಅಡ್ಡ ಬಂದರೆ ಅದು ಕಾಣಿಸುವುದಿಲ್ಲ, ಮುಂದಿನ ಸಲಕ್ಕೆ ಕಾಯಬೇಕು. ಸೆಳೆತ ಯಾವ ಕಡೆಗಿದೆ ಎಂದು ಅಂದಾಜು ಮಾಡಿ ಅದಕ್ಕೆ ತಕ್ಕಂತೆ ಓರೆಯಾಗಿ ಸಾಗಬೇಕು. ಬಲಗಡೆಯಿಂದ ಅಲೆ ಹೊಡೆಯುತ್ತಿದ್ದರೆ ಎಡಕ್ಕೆ ಉಸಿರೆಳೆಯುವುದು ಬರಬೇಕು. ಇವು ಪುಸ್ತಕ ಓದಿ ಕಲಿಯುವ ವಿದ್ಯೆಗಳಲ್ಲ, ನೀರಿಗಿಳಿದೇ ಕಲಿಯಬೇಕು.

ನಾನು ಮೊದಲ ಬಾರಿಗೆ ಕಡಲಿನಲ್ಲಿ ಸ್ಪರ್ಧಿಸಿದ್ದು ನಮ್ಮ ಕರಾವಳಿಯಲ್ಲೇ. ಮಂಡಿಯುದ್ದದ ನೀರು ದಾಟಿ ಮುಖ ಮುಳುಗಿಸಿದ ಕೂಡಲೇ ಕಂಡದ್ದು ಮಣ್ಣು ಕಲಸಿದ ಹಸಿರು; ಮುಂದಕ್ಕೆ ಚಾಚಿದ ನನ್ನದೇ ಬೆರಳುಗಳು ನನಗೆ ಕಾಣಿಸಲಿಲ್ಲ. ಅಕ್ಕಪಕ್ಕದವರ ಕಾಲಿನ ಹೊಡೆತಕ್ಕೆ ಕನ್ನಡಕ ಸರಿದು ಉಪ್ಪುನೀರು ಒಳನುಗ್ಗಿತು. ಉಸಿರು ಬಿಡುವುದನ್ನೇ ದೇಹ ಮರೆತು, ಬರೀ ಎಳೆದುಕೊಳ್ಳತೊಡಗಿತು. ಎದೆಯ ಸುತ್ತ ಪಟ್ಟಿ ಬಿಗಿದ ಹಾಗೆ, ಗಂಟಲು ಮುಚ್ಚಿದ ಹಾಗೆ ಆಯಿತು. ಕೊಳದಲ್ಲಿ ಇದಕ್ಕಿಂತ ಹೆಚ್ಚು ದೂರವನ್ನು ಸಲೀಸಾಗಿ ಈಜುತ್ತಿದ್ದವಳಿಗೆ ದಡದಿಂದ ಕೂಗಳತೆ ದೂರದಲ್ಲೇ ಹೀಗಾಯಿತು. ಆಗ ಪಕ್ಕಕ್ಕೆ ಬಂದದ್ದು ಮೀನುಗಾರರ ಮನೆಯ ಹುಡುಗನೊಬ್ಬ ನಡೆಸುತ್ತಿದ್ದ ಕಯಾಕ್ ಎಂಬ ಪುಟ್ಟ ಹುಟ್ಟುದೋಣಿ. "ಅಕ್ಕ, ಹೆದರಬೇಡಿ, ಇದನ್ನು ಹಿಡ್ಕೊಳ್ಳಿ. ಉಸಿರು ಸಮ ಆಗ್ಲಿ, ಮತ್ತೆ ಹೋಗುವ" ಎಂದ. ಮುಂದಕ್ಕೆ ಸಾಗದಂತೆ ಕಯಾಕ್ ಹಿಡಿದು ನಿಲ್ಲಲು ಸ್ಪರ್ಧೆಯ ನಿಯಮಗಳಲ್ಲಿ ಅವಕಾಶವಿದೆ. ನಾನು ಹಿಡಿದು ನಿಂತೆ. ನೀರಿನೊಳಗೆ ಗುಳ್ಳೆ ಬಿಡುತ್ತಾ ಉಸಿರನ್ನು ನಿಧಾನಕ್ಕೆ ಹೊರಹಾಕಿದ ಮೇಲೆ ಎದೆ ಹಗುರಾಯಿತು, ಉಳಿದ ದೂರವನ್ನು ಮುಗಿಸಿದೆ. ಆ ಹುಡುಗ ಅಲ್ಲಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅಂಥ ಹುಡುಗರು ಸ್ಪರ್ಧೆಯ ದಿನ ಇರುತ್ತಾರೆ. ಅಭ್ಯಾಸದ ದಿನ ಇರುವುದಿಲ್ಲ. ಈ ಪತ್ರದ ಬೇರು ಇರುವುದು ಅಲ್ಲಿ.

ಇದು ನನ್ನೊಬ್ಬಳ ಅಂಜುಬುರುಕತನದ ಕಥೆಯಲ್ಲ. ಅಮೆರಿಕದ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನಗಳನ್ನು ಪರಿಶೀಲಿಸಿ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 135 ಪ್ರಕರಣಗಳಿದ್ದವು. ಅವುಗಳಲ್ಲಿ 90 ನಡೆದದ್ದು ಈಜಿನ ಹಂತದಲ್ಲಿ. ಸ್ಪರ್ಧೆಯ ಒಟ್ಟು ಸಮಯದಲ್ಲಿ ಅತಿ ಚಿಕ್ಕ ಪಾಲು ಈಜಿನದು, ಅಪಾಯದಲ್ಲಿ ಅತಿ ದೊಡ್ಡ ಪಾಲೂ ಅದರದ್ದೇ. ಈ ದುರಂತಕ್ಕೆ ಈಡಾದವರ ಸರಾಸರಿ ವಯಸ್ಸು ನಲವತ್ತರ ಮೇಲಿತ್ತು ಎಂಬುದು ನನ್ನ ವಯಸ್ಸಿನವರೆಲ್ಲ ಗಮನಿಸಬೇಕಾದ ಮಾತು. ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ನಮ್ಮ ಹೊಣೆ. ಅದನ್ನು ಸರ್ಕಾರದ ಮೇಲೆ ಹಾಕುವುದಿಲ್ಲ. ಆದರೆ ಗಾಬರಿಯನ್ನು ಪಳಗಿಸುವ ಏಕೈಕ ದಾರಿ ತೆರೆದ ನೀರಿನಲ್ಲಿ ಮತ್ತೆ ಮತ್ತೆ, ಸುರಕ್ಷಿತವಾಗಿ ಈಜುವುದು. ಅದಕ್ಕೊಂದು ಜಾಗ ಬೇಕು.

ಜಾಗ ಇಲ್ಲದಿದ್ದರೆ ಜನ ಏನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿರಲಿ. ಬೆಂಗಳೂರಿನ ಕೆರೆಗಳಿಗೆ ಕೊಳಚೆ ಸೇರುವುದರಿಂದ ಅಲ್ಲಿ ಈಜುವ ಪ್ರಶ್ನೆಯೇ ಇಲ್ಲ. ಹಾಗಾಗಿ ಸ್ಪರ್ಧೆ ಹತ್ತಿರ ಬಂದಾಗ ನಾಲ್ಕಾರು ಜನ ಸೇರಿ, ನೀರು ತುಂಬಿದ ಹಳೆಯ ಕಲ್ಲುಕ್ವಾರಿಗೋ ಯಾವುದಾದರೂ ಜಲಾಶಯದ ಹಿನ್ನೀರಿಗೋ ನಸುಕಿನಲ್ಲೇ ಹೋಗಿ, ಯಾರಾದರೂ ನೋಡುವ ಮುನ್ನ ಈಜಿ ಬರುತ್ತಾರೆ. ಸೊಂಟಕ್ಕೊಂದು ತೇಲುಚೀಲ ಕಟ್ಟಿಕೊಂಡಿರುತ್ತಾರೆ, ಅಷ್ಟೇ. ದಡದಲ್ಲಿ ದೋಣಿಯಿಲ್ಲ, ಆಮ್ಲಜನಕವಿಲ್ಲ, ತಳದಲ್ಲಿ ಹೂಳೆಷ್ಟಿದೆ, ಮುಳುಗಿದ ಮರವೆಲ್ಲಿದೆ ಎಂದು ಹೇಳುವವರಿಲ್ಲ. ಮಂಚನಬೆಲೆ, ಸಂಗಮ, ಮುತ್ತತ್ತಿಗಳಲ್ಲಿ ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ "ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ" ಎಂಬ ಫಲಕಕ್ಕೆ ಹೊಸ ಬಣ್ಣ ಬೀಳುತ್ತದೆ. ಅಪಾಯದ ಜಾಗದಲ್ಲಿ ಫಲಕ ಇರಲೇಬೇಕು. ನನ್ನ ತಕರಾರು ಅದರ ಬಗ್ಗೆಯಲ್ಲ. "ಇಲ್ಲಿ ಬೇಡ" ಎಂದು ಹೇಳುವ ಸರ್ಕಾರ "ಅಲ್ಲಿ ಈಜಿ" ಎಂದು ಒಂದು ಜಾಗವನ್ನಾದರೂ ತೋರಿಸಬೇಕಲ್ಲವೇ?

ಒಂದು ಕಾಲಕ್ಕೆ ಈ ನಾಡಿನ ಹಳ್ಳಿಗಳಲ್ಲಿ ಈಜು ಕಲಿಯುವುದೆಂದರೆ ತೆರೆದ ನೀರಿನಲ್ಲಿ ಕಲಿಯುವುದೇ ಆಗಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ತೋಟದ ಬಾವಿಗೆ ಇಳಿಸುತ್ತಿದ್ದರು. ಹಗ್ಗದ ಇನ್ನೊಂದು ತುದಿ ಸೋದರಮಾವನ ಕೈಯಲ್ಲಿರುತ್ತಿತ್ತು. ನನ್ನ ತಂದೆ ಹಾಗೆ ಕಲಿತವರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಬಾವಿಯ ಮೆಟ್ಟಿಲು ನೀರು ತರುವುದಕ್ಕಷ್ಟೇ ಇತ್ತು. ಈಗ ಬಾವಿಗಳು ಬತ್ತಿವೆ, ಕೆರೆಗಳು ಕೆಟ್ಟಿವೆ, ಹಗ್ಗ ಹಿಡಿಯುವ ಹಿರಿಯರೂ ಜೊತೆಗಿಲ್ಲ. ಒಂದಿಡೀ ತಲೆಮಾರು ನೀರನ್ನು ಪ್ರವಾಸದಲ್ಲಿ ಮಾತ್ರ ನೋಡುತ್ತಿದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಮುರುಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ನಾನು ಶಿಕ್ಷಕಿ; ಆ ಸುದ್ದಿ ಓದಿದ ದಿನ ನನ್ನ ತರಗತಿಯ ಹುಡುಗಿಯರ ಮುಖ ನೋಡಲಾಗಲಿಲ್ಲ. ಟ್ರಯಥ್ಲಾನ್ ಪತ್ರದಲ್ಲಿ ಇದೇಕೆ ಎಂದು ನೀವು ಕೇಳಬಹುದು. ನಮಗಾಗಿ ಕೇಳುತ್ತಿರುವ ಕಾವಲಿನ ನೀರೇ ಆ ಮಕ್ಕಳಿಗೂ ಬೇಕಾಗಿದ್ದದ್ದು ಎಂಬುದೇ ನನ್ನ ಉತ್ತರ.

ಇದು ಆಗದ ಮಾತಲ್ಲ. ಗೋವಾ ಸರ್ಕಾರ 2008ರಿಂದ ತನ್ನ ಕಡಲತೀರಗಳಲ್ಲಿ ತರಬೇತಾದ ಜೀವರಕ್ಷಕರ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ. ಅಂಥ ಭದ್ರತೆಗೆ ಒಗ್ಗಿದ ತೀರದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ನೆಲೆಯೂರಿದ್ದು ಆಶ್ಚರ್ಯವಲ್ಲ. ಇನ್ನೂ ದೊಡ್ಡ ಉದಾಹರಣೆ ಪ್ಯಾರಿಸ್. ಅಲ್ಲಿಯ ಸೇನ್ ನದಿಯಲ್ಲಿ ಈಜಲು 1923ರಿಂದ ನಿಷೇಧವಿತ್ತು. 2024ರ ಒಲಿಂಪಿಕ್ಸ್‌ನ ಟ್ರಯಥ್ಲಾನ್ ಮತ್ತು ತೆರೆದ ನೀರಿನ ಈಜನ್ನು ಅದೇ ನದಿಯಲ್ಲಿ ನಡೆಸಬೇಕೆಂದು ಹೊರಟಾಗ ಆ ನಗರ ತನ್ನ ಒಳಚರಂಡಿಯನ್ನೇ ಸರಿಪಡಿಸಬೇಕಾಯಿತು. ಕೂಟದ ವೇಳೆಯೂ ನೀರಿನ ಗುಣಮಟ್ಟ ಸಾಲದೆ ಪುರುಷರ ಟ್ರಯಥ್ಲಾನನ್ನು ಒಂದು ದಿನ ಮುಂದೂಡಿದರು. ನೀರು ಸರಿಯಿಲ್ಲದಿದ್ದರೆ ಒಲಿಂಪಿಕ್ಸ್ ಆದರೂ ಕಾಯಬೇಕು ಎಂಬ ಆ ಶಿಸ್ತನ್ನು ನಾನು ಗೌರವಿಸುತ್ತೇನೆ. ಮರುವರ್ಷದ ಜುಲೈನಲ್ಲಿ ಆ ನದಿಯ ಮೂರು ಕಡೆ ಜೀವರಕ್ಷಕರ ಕಾವಲಿನಲ್ಲಿ ಸಾರ್ವಜನಿಕರಿಗೆ ಈಜಲು ಅವಕಾಶವಾಯಿತು. ಟ್ರಯಥ್ಲಾನ್ ನೆಪವಾಯಿತು, ನೀರು ಊರಿಗೆಲ್ಲ ಸಿಕ್ಕಿತು.

ನಮಗೆ ಅಷ್ಟು ದೊಡ್ಡ ಯೋಜನೆ ಬೇಕಿಲ್ಲ. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಪರೀಕ್ಷೆಯಾಗಲಿ ಜೀವರಕ್ಷಕರಾಗಲಿ ಇಲ್ಲದೆ ಆ ಮಾನ್ಯತೆ ಸಿಗುವುದಿಲ್ಲ. ಅಂದರೆ ಬೇಕಾದ ಏರ್ಪಾಟಿನ ಬಹುಪಾಲು ಅಲ್ಲಿ ಈಗಾಗಲೇ ಇದೆ. ಅಲ್ಲಿ ಶನಿವಾರ, ಭಾನುವಾರಗಳ ಬೆಳಗಿನ ಎರಡು ತಾಸು, ದಡಕ್ಕೆ ಸಮಾನಾಂತರವಾಗಿ ತೇಲುವ ಗುರುತುಗಳನ್ನು ಕಟ್ಟಿ, ಎರಡು ಕಯಾಕ್ ಮತ್ತು ಒಂದು ಮೋಟಾರು ದೋಣಿಯ ಕಾವಲು ಇಟ್ಟರೆ ರಾಜ್ಯದ ಮೊದಲ ಅಧಿಕೃತ ತೆರೆದ ನೀರಿನ ಅಭ್ಯಾಸದ ಪಥ ಸಿದ್ಧವಾಗುತ್ತದೆ. ಕಾವಲಿಗೆ ಹೊರಗಿನವರನ್ನು ತರಬೇಕಿಲ್ಲ: ಕಡಲನ್ನು ಓದಬಲ್ಲ ಮೊಗವೀರ, ಖಾರ್ವಿ, ಹರಿಕಂತ್ರ ಮನೆತನಗಳ ಯುವಕ ಯುವತಿಯರಿಗೆ ಜೀವರಕ್ಷಣೆಯ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಡಿ. ಬಲೆ ಬೀಸುವ, ದೋಣಿ ಇಳಿಸುವ ಜಾಗವನ್ನು ಮುಟ್ಟದಂತೆ, ಅವರನ್ನು ಕೇಳಿಯೇ ಪಥವನ್ನು ಗುರುತಿಸಬೇಕು. ನಾವು ಅಲ್ಲಿಗೆ ಬಂದು ಹೋಗುವವರು, ಕಡಲು ಅವರ ಅನ್ನ.

ಒಳನಾಡಿಗೂ ಇಂಥ ಒಂದು ಜಾಗ ಬೇಕು. ಬೆಂಗಳೂರು, ಮೈಸೂರು, ಮಂಡ್ಯದವರು ಪ್ರತಿ ವಾರ ಘಟ್ಟ ಇಳಿಯಲಾರರು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಂಥ, ವಿಸ್ತಾರವಾದ, ಕೊಳಚೆ ಸೇರದ ಒಂದು ಕೆರೆಯನ್ನು ಪರಿಶೀಲಿಸಿ ಎಂದು ಕೇಳಿಕೊಳ್ಳುತ್ತೇನೆ. ಆಳ ಅಳೆದು, ಹೂಳಿನ ಜಾಗ ಗುರುತಿಸಿ, ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಒಂದು ಮೂಲೆಯನ್ನು ಮಾತ್ರ ಹಗ್ಗ ಕಟ್ಟಿ ಬಿಟ್ಟುಕೊಟ್ಟರೆ ಸಾಕು. ನೀರಾವರಿಗೂ ಊರಿನವರ ಬಳಕೆಗೂ ತೊಂದರೆಯಾಗುವುದಾದರೆ ಆ ಕೆರೆಯನ್ನು ಬಿಟ್ಟು ಬೇರೆಯದನ್ನು ನೋಡಿ. ದೋಣಿ, ಕಯಾಕ್, ಜೀವರಕ್ಷಕ ಅಂಗಿಗಳೊಂದಿಗೆ ಜಲಸಾಹಸ ಕ್ರೀಡೆಗಳನ್ನು ನಡೆಸುವ ಅನುಭವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಗೆ ಇದೆ. ಉಸ್ತುವಾರಿಯನ್ನು ಅದಕ್ಕೇ ವಹಿಸಬಹುದು.

ಇದು ದುಡ್ಡಿದ್ದವರ ಶೋಕಿ, ಇದಕ್ಕೆ ಸರ್ಕಾರದ ಹಣವೇಕೆ ಎಂಬ ಮಾತು ಬರುತ್ತದೆಂದು ನನಗೆ ಗೊತ್ತು. ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳು ಈ ಕ್ರೀಡೆಯಲ್ಲಿವೆ ನಿಜ, ಪ್ರವೇಶ ಶುಲ್ಕವೂ ನನ್ನಂಥ ಶಿಕ್ಷಕಿಗೆ ಭಾರವೇ. ನನ್ನದು ಇನ್ನೊಬ್ಬರು ಬಳಸಿ ಕೊಟ್ಟ ಸೈಕಲ್. ಸಾವಿರಾರು ರೂಪಾಯಿ ಕೊಟ್ಟು ಸ್ಪರ್ಧೆಗೆ ಹೋಗುವವರು ಅಭ್ಯಾಸದ ಬೆಳಗಿಗೂ ಶುಲ್ಕ ಕೊಡಲು ಸಿದ್ಧರಿದ್ದಾರೆ, ಅವರಿಂದ ತೆಗೆದುಕೊಳ್ಳಿ. ಆ ಹಣದಲ್ಲಿ ಅದೇ ಜಾಗದಲ್ಲಿ, ಅದೇ ಜೀವರಕ್ಷಕರ ಕಣ್ಣೆದುರು, ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಉಚಿತವಾಗಿ ಈಜು ಕಲಿಸಿ. ವಿಜಯಪುರ, ಬಾಗಲಕೋಟೆಗಳ ಹಳ್ಳಿಗಾಡಿನ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಏರಿದ್ದು ಅಲ್ಲಿ ಕ್ರೀಡಾ ವಸತಿನಿಲಯಗಳಿದ್ದವು ಎಂಬ ಕಾರಣಕ್ಕೆ ಕೂಡ. ಸೈಕಲ್ಲಿನಲ್ಲಿ ಅಷ್ಟು ಬಲ ಇರುವ ಆ ಮಕ್ಕಳಿಗೆ ಈಜೂ ಬಂದರೆ, ಟ್ರಯಥ್ಲಾನ್ ನಮ್ಮಂಥ ನಗರದ ಹವ್ಯಾಸಿಗಳ ಕೈಯಲ್ಲೇ ಉಳಿಯಬೇಕಾದ ಕಾರಣವಿಲ್ಲ.

ಅನಾಹುತವಾದರೆ ಹೊಣೆ ಯಾರದು ಎಂಬ ಅಳುಕು ಅಧಿಕಾರಿಗಳಿಗೆ ಇರುವುದು ಸಹಜ. ಅದಕ್ಕಾಗಿಯೇ ಷರತ್ತುಗಳನ್ನು ಬಿಗಿಯಾಗಿಡಿ. ಕೊಳದಲ್ಲಿ ನಿಲ್ಲದೆ ಈಜಿ ತೋರಿಸಿದವರಿಗೆ ಮಾತ್ರ ಪಥಕ್ಕೆ ಪ್ರವೇಶ ಇರಲಿ. ವೈದ್ಯರ ಪ್ರಮಾಣಪತ್ರ, ಮುಚ್ಚಳಿಕೆ, ವಿಮೆ ಕಡ್ಡಾಯವಾಗಲಿ. ಕಣ್ಣಿಗೆ ಹೊಡೆಯುವ ಬಣ್ಣದ ಟೋಪಿ ಮತ್ತು ಸೊಂಟದ ತೇಲುಚೀಲ ಇಲ್ಲದವರನ್ನು ನೀರಿಗೆ ಬಿಡಬೇಡಿ. ಕಡಲು ಒರಟಾಗಿದ್ದ ದಿನ ಕೆಂಪು ಬಾವುಟ ಏರಿಸಿದರೆ ನಾವು ಮರುಮಾತಿಲ್ಲದೆ ಹಿಂದಿರುಗುತ್ತೇವೆ. ಬಟ್ಟೆ ಬದಲಾಯಿಸಲು ಹೆಂಗಸರಿಗೆ ಬಾಗಿಲಿರುವ ಕೋಣೆ ಮತ್ತು ಕಾವಲಿನವರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂಬುದು ನನ್ನ ಒತ್ತಾಯ. ಇವಿಲ್ಲದ ಕಾರಣಕ್ಕೇ ಈಜು ಕೈಬಿಟ್ಟ ಗೆಳತಿಯರು ನನಗಿದ್ದಾರೆ.

ಮಳೆಗಾಲದ ಕಡಲು ಈಜಿಗೆ ತಕ್ಕುದಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮಳೆ ಹಿಂದೆಗೆದು ಅಲೆ ತಗ್ಗುವುದು ಅಕ್ಟೋಬರಿನ ಹೊತ್ತಿಗೆ. ಅಲ್ಲಿಯವರೆಗಿನ ತಿಂಗಳುಗಳು ಜಾಗ ನೋಡಿ, ಮೀನುಗಾರರ ಜೊತೆ ಮಾತಾಡಿ, ಜೀವರಕ್ಷಕರಿಗೆ ತರಬೇತಿ ಕೊಡಲು ಸಾಕಾಗುತ್ತವೆ. ಪಡುಬಿದ್ರಿಯಲ್ಲಿ ಒಂದು ಪಥವನ್ನು ಪ್ರಾಯೋಗಿಕವಾಗಿ ಒಂದು ಹಂಗಾಮಿಗೆ ನಡೆಸಿ ನೋಡಲು ಆದೇಶ ಹೊರಡಿಸಿ. ಗುರುತುಗಳನ್ನು ಕಟ್ಟುವುದಕ್ಕೂ, ಈಜುವವರ ಹೆಸರು ಬರೆದುಕೊಂಡು ನೀರಿನಿಂದ ಹೊರಬಂದವರನ್ನು ಎಣಿಸುವುದಕ್ಕೂ ಸ್ವಯಂಸೇವಕರಾಗಿ ನಾವು ಬರುತ್ತೇವೆ. ಕರೆದ ದಿನ ಕರೆದಲ್ಲಿಗೆ ಬಂದು, ಇಲ್ಲಿ ಹೇಳಿದ್ದನ್ನು ಎದುರು ಕೂತು ವಿವರಿಸಲು ನಾನೂ ನನ್ನ ಜೊತೆಗಾರರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಟ್ರಯಥ್ಲಾನ್ ಕ್ರೀಡಾಪಟು
ಬೆಂಗಳೂರು